ಮೊದಲು 500, ಆಮೇಲೆ 10,000: ಎಸ್ಕಾರ್ಟ್ ಜಾಹೀರಾತಿನ ಮೋಸ ಎಲ್ಲಿ ಕಾಣುತ್ತದೆ?

ಪ್ರಶ್ನೆ: ನಾನು ಹಾವೇರಿ ಕಡೆಯವನು, ವಯಸ್ಸು 28. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಹೋದ ವಾರ ಮೊಬೈಲ್‌ನಲ್ಲಿ ಎಸ್ಕಾರ್ಟ್ ಸೇವೆಯ ಜಾಹೀರಾತು ನೋಡಿ ವಾಟ್ಸಾಪ್ ಮಾಡಿದೆ. ಒಂದಷ್ಟು ಫೋಟೊ ಕಳಿಸಿದರು. ಬುಕಿಂಗ್‌ಗೆ 500 ರೂಪಾಯಿ ಅಂದರು, ಹಾಕಿದೆ. ಆಮೇಲೆ ಹೋಟೆಲ್ ಗೇಟ್ ಪಾಸ್ ಅಂತ 2,500, ಹುಡುಗಿಯ ಸೇಫ್ಟಿ ಡಿಪಾಸಿಟ್ ಅಂತ 5,000, ‘ಇದು ಪೂರ್ತಿ ವಾಪಸ್ ಬರುತ್ತೆ ಸಾರ್’ ಅಂತ ಇನ್ನೂ 10,000 ಹಾಕಿಸಿಕೊಂಡರು. ಒಟ್ಟು 18,000 ಹೋಯಿತು, ಯಾರೂ ಬರಲಿಲ್ಲ. ಕೇಳಿದ್ದಕ್ಕೆ ಆಧಾರ್ ಫೋಟೊ ಕಳಿಸಿದ್ದೆ. ಈಗ ಅದನ್ನಿಟ್ಟುಕೊಂಡು, ಇನ್ನೂ 25,000 ಕೊಡದಿದ್ದರೆ ಊರಿಗೆ, ಆಫೀಸಿಗೆ ತಿಳಿಸುತ್ತೇವೆ, ಪೊಲೀಸ್ ಕೇಸ್ ಹಾಕಿಸುತ್ತೇವೆ ಅನ್ನುತ್ತಿದ್ದಾರೆ. ದೂರು ಕೊಟ್ಟರೆ ನಾನೇ ಒಳಗೆ ಹೋಗುತ್ತೇನಾ? ನಾನು ಯಾವ ಸುಳಿವನ್ನು ನೋಡಬೇಕಿತ್ತು?

ಉತ್ತರ: ಸುಳಿವುಗಳ ಮಾತು ಆಮೇಲೆ. ಮೊದಲು ಇವತ್ತು ಮಾಡಬೇಕಾದ ಕೆಲಸ ಹೇಳುತ್ತೇನೆ.

ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. 25,000 ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ. ಹೆದರಿದರೆ ನೀವು ಕೊಡುತ್ತೀರಿ ಎಂಬುದು ಅವರಿಗೆ ಖಾತ್ರಿಯಾಗುತ್ತದೆ, ಮುಂದಿನ ಸಲ 50,000 ಕೇಳುತ್ತಾರೆ. ಚಾಟ್ ಅಳಿಸಬೇಡಿ. ನಾಚಿಕೆಗೆ ಎಲ್ಲವನ್ನೂ ಅಳಿಸಿ ಆಮೇಲೆ ಸಹಾಯ ಕೇಳಿಕೊಂಡು ಬರುವವರು ಬಹಳ ಜನ, ಅಷ್ಟರಲ್ಲಿ ಸಾಕ್ಷಿಯೆಲ್ಲ ಹೋಗಿರುತ್ತದೆ. ಜಾಹೀರಾತಿನ ಪುಟ, ಚಾಟ್, ಅವರ ಫೋನ್ ನಂಬರ್, ನೀವು ಹಣ ಹಾಕಿದ ಪ್ರತಿಯೊಂದು ಯುಪಿಐ ವಿಳಾಸ, ಪ್ರತಿ ಪಾವತಿಯ 12 ಅಂಕಿಯ ಉಲ್ಲೇಖ ಸಂಖ್ಯೆ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ನಂತರ 1930ಕ್ಕೆ ಕರೆ ಮಾಡಿ. ಆನ್‌ಲೈನ್ ಹಣಕಾಸು ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ ಇದು. ಹಣ ಹೋದ ಖಾತೆಗಳಲ್ಲಿ ಏನಾದರೂ ಉಳಿದಿದ್ದರೆ ಬ್ಯಾಂಕುಗಳ ಮೂಲಕ ತಡೆಹಿಡಿಸುವ ವ್ಯವಸ್ಥೆ ಇದಕ್ಕೆ ಜೋಡಿಸಿಕೊಂಡಿದೆ. ಮೊದಲ ಒಂದೆರಡು ಗಂಟೆಯಲ್ಲಿ ಕರೆ ಮಾಡಿದವರಿಗೆ ಹಣ ಸಿಗುವ ಸಾಧ್ಯತೆ ಹೆಚ್ಚು. ನಿಮಗೆ ಒಂದು ವಾರ ಆಗಿದೆ, ಆದ್ದರಿಂದ 18,000 ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೂ ದೂರು ಬೇಕು. ನಾಳೆ ನಿಮ್ಮ ಆಧಾರ್ ಪ್ರತಿ ಬಳಸಿ ಯಾರಾದರೂ ಸಾಲ ಎತ್ತಿದರೆ, ಸಿಮ್ ತೆಗೆದರೆ, ಅದು ನೀವಲ್ಲ ಎಂದು ತೋರಿಸಲು ಇವತ್ತಿನ ದಿನಾಂಕದ ದೂರು ಇರಬೇಕು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿಕೊಳ್ಳಿ. ಆಧಾರ್‌ನ ಬಯೊಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ.

ಇನ್ನು ‘ನಾನೇ ಒಳಗೆ ಹೋಗುತ್ತೇನಾ?’ ಎಂಬ ಪ್ರಶ್ನೆ. ನಿಮ್ಮ ಪತ್ರದ ನಿಜವಾದ ಭಯ ಇದೇ, ಅವರು ಬಳಸುತ್ತಿರುವುದೂ ಇದನ್ನೇ.

ನಮ್ಮ ದೇಶದಲ್ಲಿ ಈ ವಿಷಯಕ್ಕಿರುವ ಮುಖ್ಯ ಕಾನೂನು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ. ವೇಶ್ಯಾಗೃಹ ನಡೆಸುವುದು, ಇನ್ನೊಬ್ಬರ ದುಡಿಮೆಯ ಮೇಲೆ ಬದುಕುವುದು, ಹೆಣ್ಣುಮಕ್ಕಳನ್ನು ಇದಕ್ಕೆ ಎಳೆದು ತರುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆಯುವುದು ಅದರಲ್ಲಿ ಅಪರಾಧ. ವಯಸ್ಕ ಮಹಿಳೆ ಸ್ವಇಚ್ಛೆಯಿಂದ ಮಾಡುವ ಲೈಂಗಿಕ ವೃತ್ತಿ ತಾನಾಗಿಯೇ ಅಪರಾಧವಲ್ಲ. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಮನಿಸಿ, ಅಂಥ ಮಹಿಳೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು ಎಂದಿತು. ಗ್ರಾಹಕನಾಗಿ ಸಿಕ್ಕವನ ಬಗ್ಗೆ ಎಲ್ಲ ಹೈಕೋರ್ಟುಗಳ ನಿಲುವು ಒಂದೇ ರೀತಿ ಇಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ ಗ್ರಾಹಕರ ಮೇಲಿನ ಪ್ರಕರಣಗಳನ್ನು ಹಲವು ಸಲ ರದ್ದು ಮಾಡಿದೆ. ಶಾಲೆ, ದೇವಸ್ಥಾನ, ಆಸ್ಪತ್ರೆಯ 200 ಮೀಟರ್ ಒಳಗಿನ ಜಾಗಕ್ಕೆ ಬೇರೆ ಕಟ್ಟುನಿಟ್ಟಿನ ಸೆಕ್ಷನ್ ಇದೆ. ಹುಡುಗಿ 18ಕ್ಕಿಂತ ಕೆಳಗಿನವಳಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬರುತ್ತದೆ. ಅಲ್ಲಿ ಯಾವ ನೆಪವೂ ನಡೆಯುವುದಿಲ್ಲ, ನಡೆಯಬಾರದು ಕೂಡ.

ನಿಮ್ಮ ಪ್ರಕರಣದಲ್ಲಿ ನೀವು ಯಾರನ್ನೂ ಭೇಟಿಯೇ ಆಗಿಲ್ಲ. ನಿಮ್ಮಿಂದ ಸುಳ್ಳು ಹೇಳಿ ಹಣ ತೆಗೆದುಕೊಂಡಿದ್ದಾರೆ. ಅದು ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ ವಂಚನೆ. ಈಗ ಬೆದರಿಸಿ ಕೇಳುತ್ತಿರುವುದು 308ರ ಪ್ರಕಾರ ಸುಲಿಗೆ. ಬೇರೆಯವರ ವೇಷದಲ್ಲಿ ಆನ್‌ಲೈನ್ ಮೋಸ ಮಾಡುವುದು ಐಟಿ ಕಾಯ್ದೆಯ 66ಡಿ, ಮೂರು ವರ್ಷದವರೆಗೆ ಸಜೆ. ಯಾವ ಕೆಲಸಕ್ಕೆಂದು ಹಣ ಕೊಟ್ಟಿರಿ ಎಂಬುದರಿಂದ ಅವರ ವಂಚನೆ ವಂಚನೆಯಲ್ಲದೆ ಹೋಗುವುದಿಲ್ಲ. ಠಾಣೆಯಲ್ಲಿ ಯಾರಾದರೂ ನಗಬಹುದು, ಒಂದು ಮಾತು ಆಡಲೂಬಹುದು. ಅದು ತಪ್ಪು, ಆದರೆ ಆಗುತ್ತದೆ. ಅದನ್ನು ತಡೆದುಕೊಂಡು ಬನ್ನಿ. ಅಷ್ಟೂ ಬೇಡ ಅನ್ನಿಸಿದರೆ ಮೊದಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಅಂದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ, ದೂರು ದಾಖಲಿಸಿ, ಆ ಸಂಖ್ಯೆ ಹಿಡಿದುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ವ್ಯಾಪ್ತಿಯ ಸೆನ್ ಠಾಣೆಗೆ ಹೋಗಿ.

ಈಗ ಸುಳಿವುಗಳು. ಎಲ್ಲರೂ ಮೊದಲು ಫೋಟೊದಲ್ಲಿ ಮೋಸ ಹುಡುಕುತ್ತಾರೆ. ನನ್ನ ಅನುಭವದಲ್ಲಿ ಮೋಸ ಮೊದಲು ಕಾಣುವುದು ಹಣ ಕೇಳುವ ರೀತಿಯಲ್ಲಿ.

ನೀವು ಕೊಟ್ಟ ಮೊತ್ತಗಳನ್ನೇ ನೋಡಿ. 500 ಕೇಳಿದಾಗ ‘ಹೋದರೆ ಹೋಗಲಿ’ ಅನ್ನಿಸಿತು. 2,500 ಕೇಳಿದಾಗ, ಆಗಲೇ 500 ಹಾಕಿದ್ದೇನಲ್ಲ ಅನ್ನಿಸಿತು. 5,000ಕ್ಕೆ ಬರುವಷ್ಟರಲ್ಲಿ ನೀವು ಹಣ ಕೊಡುತ್ತಿದ್ದದ್ದು ಭೇಟಿಗಾಗಿ ಅಲ್ಲ, ಆಗಲೇ ಹೋದ 3,000 ಉಳಿಸಿಕೊಳ್ಳುವುದಕ್ಕಾಗಿ. ಬಾವಿಗೆ ಬಿದ್ದ ಕೊಡ ತೆಗೆಯಲು ಹಗ್ಗ, ಹಗ್ಗ ತೆಗೆಯಲು ಇನ್ನೊಂದು ಹಗ್ಗ ಬಿಟ್ಟ ಹಾಗೆ. ‘ವಾಪಸ್ ಬರುತ್ತೆ’ ಎಂಬ ಮಾತು ಸರಿಯಾಗಿ ಈ ಹಂತದಲ್ಲೇ ಬರುತ್ತದೆ. ಹೆಸರುಗಳು ಬದಲಾಗುತ್ತವೆ: ನೋಂದಣಿ, ಗೇಟ್ ಪಾಸ್, ಮೆಡಿಕಲ್ ಕಾರ್ಡ್, ಸೇಫ್ಟಿ ಡಿಪಾಸಿಟ್, ಜಿಎಸ್‌ಟಿ, ಕೊನೆಗೆ ‘ರಿಫಂಡ್ ಆಕ್ಟಿವೇಟ್ ಮಾಡಲು ಅಷ್ಟೇ ಮೊತ್ತ ಇನ್ನೊಮ್ಮೆ ಹಾಕಿ’. ಹಣ ಹಿಂದಕ್ಕೆ ಕೊಡಲು ಹಣ ಕೇಳುವ ನ್ಯಾಯವಾದ ವ್ಯವಹಾರ ಲೋಕದಲ್ಲಿ ಯಾವುದೂ ಇಲ್ಲ. ಯುಪಿಐನಲ್ಲಿ ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಣ ಬರುತ್ತದೆಂದು ಪಿನ್ ಒತ್ತಿದಿರಿ ಅಂದರೆ ಹಣ ನಿಮ್ಮಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಇನ್ನೊಂದು ಸುಳಿವು ನಿಮ್ಮ ಕಣ್ಣೆದುರೇ ಬಂದು ಹೋಗಿರುತ್ತದೆ. ಪಿನ್ ಒತ್ತುವ ಮೊದಲು ಪರದೆಯ ಮೇಲೆ ಹಣ ಪಡೆಯುವವರ ಹೆಸರು ಕಾಣಿಸುತ್ತದೆ. ಚಾಟ್‌ನಲ್ಲಿ ಮಾತಾಡುತ್ತಿರುವುದು ‘ಪ್ರಿಯಾ’, ಹಣ ಹೋಗುತ್ತಿರುವುದು ಎಲ್ಲೋ ಇರುವ ಒಬ್ಬ ಗಂಡಸಿನ ಹೆಸರಿಗೆ, ಎರಡನೇ ಸಲ ಯಾವುದೋ ಕಿರಾಣಿ ಅಂಗಡಿಗೆ, ಮೂರನೇ ಸಲ ಮತ್ತೊಂದು ಹೆಸರಿಗೆ. ನಿಮ್ಮ ನಾಲ್ಕು ಪಾವತಿಗಳನ್ನು ಈಗ ತೆಗೆದು ನೋಡಿ. ಬಹುಮಟ್ಟಿಗೆ ಎರಡು ಮೂರು ಬೇರೆ ಹೆಸರುಗಳು ಸಿಗುತ್ತವೆ. ಇವು ಬಾಡಿಗೆ ಖಾತೆಗಳು. ಕಮಿಷನ್ ಆಸೆಗೆ ವಿದ್ಯಾರ್ಥಿಗಳು, ಕೂಲಿ ಮಾಡುವವರು ಪಾಸ್‌ಬುಕ್, ಸಿಮ್ ಸಮೇತ ಖಾತೆಯನ್ನೇ ಕೊಟ್ಟುಬಿಟ್ಟಿರುತ್ತಾರೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರದ್ದನ್ನೇ. (ನಿಮ್ಮ ಪಿಜಿಯಲ್ಲಿ ಯಾರಾದರೂ ‘ಖಾತೆ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು’ ಎಂಬ ಆಮಿಷಕ್ಕೆ ಬಿದ್ದಿದ್ದರೆ ದಯವಿಟ್ಟು ಎಚ್ಚರಿಸಿ.)

ಜಾಹೀರಾತಿನ ಬರಹವನ್ನೂ ಒಮ್ಮೆ ನಿಧಾನವಾಗಿ ಓದಬೇಕು. ಕೋರಮಂಗಲ, ಇಂದಿರಾನಗರ, ವೈಟ್‌ಫೀಲ್ಡ್, ಹೆಬ್ಬಾಳ, ಎಲೆಕ್ಟ್ರಾನಿಕ್ ಸಿಟಿ, ಎಲ್ಲ ಕಡೆಯೂ ‘20 ನಿಮಿಷದಲ್ಲಿ’ ಲಭ್ಯ ಎಂದು ಬರೆದಿರುತ್ತದೆ. ಸಂಜೆ ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ ದಾಟಿದವರು ಯಾರೂ ಹಾಗೆ ಬರೆಯಲಾರರು. ಆ ಬರಹ ಒಂದೇ ಅಚ್ಚಿನದು, ಊರಿನ ಹೆಸರು ಮಾತ್ರ ಬದಲು. ಅದರ ಒಂದು ಸಾಲನ್ನು ನಕಲು ಮಾಡಿ ಹುಡುಕಿದರೆ ಅದೇ ವಾಕ್ಯ ಪುಣೆಗೆ, ಹೈದರಾಬಾದಿಗೆ, ಮಂಗಳೂರಿಗೆ ಸಿಗುತ್ತದೆ. ಅದೇ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಒಂದು ಊರಲ್ಲಿ ‘ಪ್ರಿಯಾ’, ಇನ್ನೊಂದರಲ್ಲಿ ‘ರಿಯಾ’, ಮೂಲದಲ್ಲಿ ಯಾವುದೋ ಬಟ್ಟೆ ಅಂಗಡಿಯ ಮಾಡೆಲ್. ಏನೂ ಸಿಗದಿದ್ದರೆ ಫೋಟೊ ನಿಜ ಎಂದುಕೊಳ್ಳಬೇಡಿ. ಈಗ ಎಐನಲ್ಲಿ ತಯಾರಾದ ಮುಖಗಳು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಟ್ರೂಕಾಲರ್‌ನಲ್ಲಿ ಕಾಣುವ ಹೆಸರು, ವಾಟ್ಸಾಪ್ ಬಿಸಿನೆಸ್ ಪ್ರೊಫೈಲ್, ಗೂಗಲ್ ಮ್ಯಾಪ್‌ನಲ್ಲಿ ಗುರುತು, ಸಾಲುಸಾಲು ಐದು ಸ್ಟಾರ್ ವಿಮರ್ಶೆ, ಇವು ಯಾವುವೂ ಪುರಾವೆಯಲ್ಲ. ಎಲ್ಲವನ್ನೂ ಅರ್ಧ ದಿನದಲ್ಲಿ ಹುಟ್ಟಿಸಬಹುದು.

ಓದುಗರಲ್ಲಿ ಕೆಲವರು ‘ಹಾಗಾದರೆ ಅಸಲಿ ಯಾವುದು ಎಂದು ಹೇಳಿ’ ಎಂದು ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಈ ವ್ಯವಹಾರಕ್ಕೆ ಪರವಾನಗಿ ಇಲ್ಲ, ನೋಂದಣಿ ಇಲ್ಲ. ಆದ್ದರಿಂದ ‘ಸರ್ಕಾರಿ ನೋಂದಾಯಿತ’, ‘ಲೈಸೆನ್ಸ್ಡ್ ಏಜೆನ್ಸಿ’ ಎಂದು ಬರೆದಿರುವ ಜಾಹೀರಾತು ಆ ಒಂದು ಮಾತಿನಿಂದಲೇ ಸುಳ್ಳು ಎಂದು ಗೊತ್ತಾಗುತ್ತದೆ.

ಗುರುತಿನ ಚೀಟಿ ಕೇಳುವುದು ನೇರ ಅಪಾಯದ ಸೂಚನೆ. ‘ಹುಡುಗಿಯ ಸುರಕ್ಷತೆಗೆ’ ಎಂಬ ಕಾರಣ ಕೇಳಲು ಸಭ್ಯವಾಗಿಯೇ ಇರುತ್ತದೆ, ಅದಕ್ಕೇ ಒಳ್ಳೆಯ ಹುಡುಗರು ಕೊಟ್ಟುಬಿಡುತ್ತಾರೆ. ಆಧಾರ್, ಆಫೀಸಿನ ಐಡಿ ಕಾರ್ಡ್, ಅದನ್ನು ಹಿಡಿದುಕೊಂಡ ಸೆಲ್ಫಿ, ಇಷ್ಟು ಸಿಕ್ಕಿದರೆ ಬೆದರಿಕೆಗೆ ಬೇಕಾದ ಸಾಮಗ್ರಿಯೆಲ್ಲ ಸಿಕ್ಕಿತು. ‘ಕ್ಯಾಟಲಾಗ್ ನೋಡಲು ಈ ಆ್ಯಪ್ ಹಾಕಿಕೊಳ್ಳಿ’ ಎಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸಿದರೆ ಇನ್ನೂ ಕೆಟ್ಟದ್ದು. ಅದು ನಿಮ್ಮ ಸಂಪರ್ಕ ಪಟ್ಟಿ, ಮೆಸೇಜ್, ಒಟಿಪಿ ಎಲ್ಲವನ್ನೂ ಅವರ ಕೈಗೆ ಕೊಡಬಹುದು.

ವಿಡಿಯೊ ಕರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜೀವ ಹೋಗುವುದು ಇಲ್ಲೇ. ‘ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಿದರು, ಹಾಗಾಗಿ ನಂಬಿದೆ’ ಎನ್ನುವವರಿದ್ದಾರೆ. ಕರೆಯಲ್ಲಿ ಕಾಣುವುದು ಹೆಚ್ಚಿನ ಸಲ ಮೊದಲೇ ಚಿತ್ರೀಕರಿಸಿದ ತುಣುಕು. ಆ ಕಡೆಯವರು ಬಟ್ಟೆ ತೆಗೆದು, ನೀವೂ ಹಾಗೆ ಮಾಡಿ ಎಂದರೆ ನಿಮ್ಮ ಪರದೆ ರೆಕಾರ್ಡ್ ಆಗುತ್ತಿದೆ ಎಂದು ತಿಳಿಯಿರಿ. ಮರುದಿನ ವಿಡಿಯೊ ಬರುತ್ತದೆ, ಜೊತೆಗೆ ನಿಮ್ಮ ಫೇಸ್‌ಬುಕ್ ಸ್ನೇಹಿತರ ಪಟ್ಟಿ. ಆಮೇಲೆ ‘ದೆಹಲಿ ಕ್ರೈಂ ಬ್ರಾಂಚ್ ಇನ್‌ಸ್ಪೆಕ್ಟರ್’ ಕರೆ ಮಾಡುತ್ತಾನೆ. ವಿಡಿಯೊ ಯೂಟ್ಯೂಬಿಗೆ ಏರಿದೆ, ತೆಗೆಸಲು ಇಷ್ಟು ಕೊಡಿ ಎನ್ನುತ್ತಾನೆ. ಕೊನೆಯ ಅಂಕದಲ್ಲಿ ‘ಆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ, ನಿಮ್ಮ ಮೇಲೆ ಕೇಸಾಗಿದೆ’. ಇದು ಬರೆದಿಟ್ಟುಕೊಂಡ ನಾಟಕ. ರಾಜಸ್ಥಾನದ ಭರತಪುರ, ಅಲ್ವರ್, ಹರಿಯಾಣದ ಮೇವಾತ್ ಸೀಮೆಯಿಂದ ವರ್ಷಗಳಿಂದ ನಡೆಯುತ್ತಿರುವ ಜಾಲಗಳ ಮೇಲೆ ಅನೇಕ ರಾಜ್ಯಗಳ ಪೊಲೀಸರು ದಾಳಿ ಮಾಡಿದ್ದಾರೆ. ಈ ನಾಟಕಕ್ಕೆ ಹೆದರಿ ಪ್ರಾಣ ಕಳೆದುಕೊಂಡ ಹುಡುಗರಿದ್ದಾರೆ. ನಿಜವಾದ ಪೊಲೀಸರು ಫೋನಿನಲ್ಲಿ ಹಣ ಕೇಳುವುದಿಲ್ಲ. ವಿಚಾರಣೆಗೆ ಹಾಜರಾಗಿ ಎಂದು ಆರೋಪಿಗೆ ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟೇ 2025ರ ಜನವರಿಯಲ್ಲಿ ಹೇಳಿದೆ. ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎನ್ನುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ.

ಇದರ ಇನ್ನೊಂದು ಮುಖ ಕೆಲಸದ ಜಾಹೀರಾತು. ‘ಕಾಲ್ ಬಾಯ್ ಬೇಕಾಗಿದ್ದಾರೆ, ದಿನಕ್ಕೆ 15,000’ ಎಂದು ಟೆಲಿಗ್ರಾಂನಲ್ಲಿ ಬರುವುದೂ ಇದೇ ಏಣಿ: ಮೊದಲು ನೋಂದಣಿ, ನಂತರ ಐಡಿ ಕಾರ್ಡ್, ನಂತರ ವೈದ್ಯಕೀಯ ತಪಾಸಣೆ. ಬಿಹಾರದ ನವಾದಾದಲ್ಲಿ 2023ರ ಕೊನೆಯಲ್ಲಿ ಪೊಲೀಸರು ಹಿಡಿದ ತಂಡವಂತೂ, ಮಕ್ಕಳಾಗದ ಮಹಿಳೆಯರನ್ನು ಗರ್ಭಿಣಿ ಮಾಡಿದರೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಗಂಡಸರಿಂದ ಮೊದಲು 799 ರೂಪಾಯಿ ನೋಂದಣಿ ಶುಲ್ಕ, ಆಮೇಲೆ ಸಾವಿರಗಟ್ಟಲೆ ಡಿಪಾಸಿಟ್ ವಸೂಲಿ ಮಾಡುತ್ತಿತ್ತು. 799ರಿಂದ ಶುರುವಾಗಿ ಸಾವಿರಗಳಿಗೆ ಏರಿದ್ದನ್ನು ನಿಮ್ಮ 500ರ ಪಕ್ಕದಲ್ಲಿಟ್ಟು ನೋಡಿ.

ಇಷ್ಟು ಹೊತ್ತು ಹಣ ಕಳೆದುಕೊಂಡವರ ಕಡೆಯಿಂದ ಮಾತಾಡಿದೆ. ಅದೇ ಜಾಹೀರಾತಿನಲ್ಲಿ ಇನ್ನಿಬ್ಬರು ಇರುತ್ತಾರೆ. ಅವರ ಮಾತು ಬಿಟ್ಟರೆ ಈ ಉತ್ತರ ಅರ್ಧವಾಗುತ್ತದೆ.

ಒಬ್ಬಳು, ಫೋಟೊದಲ್ಲಿರುವವಳು. ಇನ್‌ಸ್ಟಾಗ್ರಾಂನಿಂದ ಕದ್ದ ಚಿತ್ರ ಅವಳದ್ದು. ಕೆಲವು ಸಲ ಚಿತ್ರದ ಜೊತೆ ಅವಳ ನಿಜವಾದ ನಂಬರನ್ನೂ ಹಾಕಿರುತ್ತಾರೆ. ಹಾಗೆ ಹಾಕುವವನು ಹೆಚ್ಚಾಗಿ ಪರಿಚಿತನೇ: ಮದುವೆಗೆ ಒಪ್ಪಲಿಲ್ಲವೆಂದೋ, ಆಫೀಸಿನ ಜಗಳಕ್ಕೋ. ಅರ್ಧರಾತ್ರಿಯಲ್ಲಿ ಇಪ್ಪತ್ತು ಮೂವತ್ತು ಕರೆ ಬರುವುದನ್ನು ಆಕೆ ತಿಂಗಳುಗಟ್ಟಲೆ ಸಹಿಸುತ್ತಾಳೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಶೌಚಾಲಯದ ಗೋಡೆಯ ಮೇಲೆ ಒಬ್ಬ ಮಹಿಳೆಯ ನಂಬರ್ ಬರೆದು ಕಾಲ್ ಗರ್ಲ್ ಎಂದ ಪ್ರಕರಣವನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ. ಗೋಡೆಯ ಬರಹವನ್ನೇ ನ್ಯಾಯಾಲಯ ಹಗುರವಾಗಿ ಕಾಣಲಿಲ್ಲ, ಜಾಹೀರಾತು ತಾಣದ ಬರಹ ಅದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಈ ಉತ್ತರ ಓದುತ್ತಿರುವ ಯಾವ ಹೆಣ್ಣುಮಗಳಿಗೆ ಹೀಗಾಗಿದ್ದರೂ, ಪುಟದ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ತಾಣದ ದೂರು ಅಧಿಕಾರಿಗೆ ಬರೆಯಿರಿ. ನಗ್ನ ಚಿತ್ರ, ತಿರುಚಿದ ಚಿತ್ರ, ನಿಮ್ಮ ಹೆಸರಿನ ಸೋಗು ಇದ್ದರೆ ತಡಮಾಡದೆ ತೆಗೆಯುವುದು ಐಟಿ ನಿಯಮಗಳ ಪ್ರಕಾರ ಅವರ ಹೊಣೆ. ಖಾಸಗಿ ಚಿತ್ರ ಹರಡುವ ಭಯವಿದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಯಾರಿಗೂ ಕಳಿಸದೆ, ನಿಮ್ಮ ಫೋನಿನಲ್ಲೇ ಅದರ ಡಿಜಿಟಲ್ ಗುರುತು ತಯಾರಿಸಿ, ಸೇರಿಕೊಂಡಿರುವ ದೊಡ್ಡ ತಾಣಗಳಲ್ಲಿ ತಡೆಯಲು ನೆರವಾಗುತ್ತದೆ.

ಇನ್ನೊಬ್ಬಳು, ಕೆಲವು ಜಾಹೀರಾತುಗಳ ಹಿಂದೆ ನಿಜವಾಗಿಯೂ ಒಂದು ಕೋಣೆಯಲ್ಲಿ ಇರುವವಳು. ಹಣದ ಮೋಸ ನಡೆಯದಿದ್ದರೆ ಜಾಹೀರಾತು ‘ಪ್ರಾಮಾಣಿಕ’ ಎಂದು ಯಾರೂ ತಿಳಿಯಬಾರದು. ಬ್ಯೂಟಿ ಪಾರ್ಲರ್, ಮನೆಗೆಲಸ, ಇವೆಂಟ್ ಕೆಲಸ ಎಂದು ಕರೆತಂದು ಸಾಲದಲ್ಲಿ ಸಿಲುಕಿಸಿ ಕೂಡಿಟ್ಟ ಹೆಣ್ಣುಮಕ್ಕಳು ಬೆಂಗಳೂರಿನ ದಾಳಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದಾರೆ. ಇದಕ್ಕೂ ಸುಳಿವುಗಳಿವೆ. ಒಂದೇ ನಂಬರಿನಲ್ಲಿ ಬೇರೆ ಬೇರೆ ಹುಡುಗಿಯರು, ವಾರಕ್ಕೊಮ್ಮೆ ‘ಹೊಸಬರು ಬಂದಿದ್ದಾರೆ’ ಎಂಬ ಸಂದೇಶ, ಯಾವಾಗಲೂ ಗಂಡಸೇ ಉತ್ತರಿಸುವುದು, ವಯಸ್ಸು ತೀರಾ ಕಡಿಮೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು, ಅವಳು ಒಬ್ಬಳೇ ಮಾತಾಡಲು ಬಿಡದಿರುವುದು. ಮಾನವ ಕಳ್ಳಸಾಗಣೆಗೆ ಒಳಗಾದವಳು ಎಂದು ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಆಕೆಯನ್ನು ಬಳಸಿಕೊಂಡವನಿಗೆ ನ್ಯಾಯ ಸಂಹಿತೆಯ 144ನೇ ಸೆಕ್ಷನ್ ಮೂರರಿಂದ ಏಳು ವರ್ಷ, ಮಗುವಾಗಿದ್ದರೆ ಐದರಿಂದ ಹತ್ತು ವರ್ಷ ಕಠಿಣ ಸಜೆ ವಿಧಿಸುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ನೀವೇ ಬಿಡಿಸಲು ಹೋಗಬೇಡಿ, ಅವಳಿಗೇ ಅಪಾಯ. ತುರ್ತು ಸಂಖ್ಯೆ 112ಕ್ಕೆ ತಿಳಿಸಿ. ಚಿಕ್ಕ ಹುಡುಗಿ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಮಕ್ಕಳ ವಿಷಯದಲ್ಲಿ ಗೊತ್ತಿದ್ದವರು ತಿಳಿಸಲೇಬೇಕು ಎಂಬುದು ಪೋಕ್ಸೊ ಕಾಯ್ದೆಯ ಆಜ್ಞೆ. ನಿಮ್ಮ ಬಳಿ ಇರುವ ನಂಬರ್, ಚಾಟ್ ಅಂಥ ಒಬ್ಬಳನ್ನು ತಲುಪುವ ದಾರಿಯಾಗಬಹುದು. ನೀವು ದೂರು ಕೊಡಬೇಕು ಎಂದು ನಾನು ಇಷ್ಟು ಒತ್ತಾಯಿಸಲು ಇದು ಹಣಕ್ಕಿಂತ ದೊಡ್ಡ ಕಾರಣ.

ನಿಮ್ಮ ಬೆದರಿಕೆಯ ವಿಷಯಕ್ಕೆ ಮರಳುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸ್ನೇಹಿತರ ಪಟ್ಟಿ ಕಾಣದಂತೆ ಮಾಡಿ. ಸ್ಕ್ರೀನ್‌ಶಾಟ್ ಆದ ಮೇಲೆ ನಂಬರನ್ನು ವಾಟ್ಸಾಪ್‌ಗೆ ವರದಿ ಮಾಡಿ, ಬ್ಲಾಕ್ ಮಾಡಿ, ಮೋಸದ ಕರೆ, ಸಂದೇಶಗಳನ್ನು ವರದಿ ಮಾಡಲು ಇರುವ ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲೂ ದಾಖಲಿಸಿ. ಎರಡು ಮೂರು ದಿನ ಹೊಸ ನಂಬರುಗಳಿಂದ ಕರೆ ಬರುತ್ತವೆ, ಎತ್ತಬೇಡಿ. ಹಣ ಕೊಡದವನ ಹಿಂದೆ ಹೆಚ್ಚು ಹೊತ್ತು ಕೂರಲು ಅವರಿಗೆ ಪುರಸೊತ್ತಿಲ್ಲ, ಪಟ್ಟಿಯಲ್ಲಿ ಮುಂದಿನವರು ಕಾಯುತ್ತಿರುತ್ತಾರೆ. ಊರಿಗೆ ಕರೆ ಹೋಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆದ್ದರಿಂದ ಅಣ್ಣ, ಗೆಳೆಯ, ಯಾರಾದರೂ ಒಬ್ಬರಿಗೆ ನೀವೇ ಮೊದಲು ಹೇಳಿಬಿಡಿ. ‘ಆನ್‌ಲೈನ್‌ನಲ್ಲಿ ಮೋಸ ಹೋಗಿದ್ದೇನೆ, ನನ್ನ ಆಧಾರ್ ಇಟ್ಟುಕೊಂಡು ಹೆದರಿಸುತ್ತಿದ್ದಾರೆ, ಕರೆ ಬಂದರೆ ನಂಬಬೇಡಿ’ ಎಂದರೆ ಸಾಕು. ರಾತ್ರಿ ನಿದ್ದೆ ಬಾರದೆ ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ, ದಿನದ 24 ಗಂಟೆಯೂ ಇರುತ್ತದೆ. ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ವಿಡಿಯೊ ಹ್ಯಾಕ್ ಮಾಡಿ ಅಳಿಸುತ್ತೇವೆ’ ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ. ಅದು ಎರಡನೇ ಸುತ್ತಿನ ಮೋಸ, ಕೆಲವು ಸಲ ಅದೇ ತಂಡದ್ದು.

ದೂರಿನಲ್ಲಿ ಏನು ಬರೆಯಬೇಕು ಎಂಬುದೇ ಹಲವರಿಗೆ ತೊಡಕು, ಆದ್ದರಿಂದ ಇಲ್ಲಿ ಬರೆದುಕೊಡುತ್ತೇನೆ. ಬಿಟ್ಟ ಜಾಗ ತುಂಬಿಕೊಳ್ಳಿ, ಸುಳ್ಳು ಸೇರಿಸಬೇಡಿ:

‘ದಿನಾಂಕ … ರಂದು ಅಂತರ್ಜಾಲದಲ್ಲಿ ಎಸ್ಕಾರ್ಟ್ ಸೇವೆಯ ಜಾಹೀರಾತು ನೋಡಿ … ಸಂಖ್ಯೆಯನ್ನು ಸಂಪರ್ಕಿಸಿದೆ. ಸದರಿಯವರು ಬುಕಿಂಗ್, ಗೇಟ್ ಪಾಸ್, ಡಿಪಾಸಿಟ್ ಎಂದು ಸುಳ್ಳು ಹೇಳಿ ನನ್ನಿಂದ ನಾಲ್ಕು ಬಾರಿ ಒಟ್ಟು 18,000 ರೂಪಾಯಿಯನ್ನು … ಯುಪಿಐ ವಿಳಾಸಗಳಿಗೆ ಹಾಕಿಸಿಕೊಂಡಿರುತ್ತಾರೆ. ಯಾವುದೇ ಸೇವೆ ನೀಡಿರುವುದಿಲ್ಲ. ನನ್ನ ಆಧಾರ್ ಪ್ರತಿಯನ್ನು ಪಡೆದುಕೊಂಡು, ಇನ್ನೂ 25,000 ರೂಪಾಯಿ ನೀಡದಿದ್ದಲ್ಲಿ ಮನೆಯವರಿಗೂ ಕಚೇರಿಗೂ ತಿಳಿಸಿ ಮಾನ ಕಳೆಯುವುದಾಗಿ ಬೆದರಿಸುತ್ತಿದ್ದಾರೆ. ಪಾವತಿ ವಿವರ, ಚಾಟ್ ಮತ್ತು ಜಾಹೀರಾತಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ವಂಚನೆ ಮತ್ತು ಸುಲಿಗೆ ಬಗ್ಗೆ ಪ್ರಕರಣ ದಾಖಲಿಸಬೇಕಾಗಿಯೂ, ನನ್ನ ಗುರುತನ್ನು ಗೋಪ್ಯವಾಗಿಡಬೇಕಾಗಿಯೂ ಕೋರುತ್ತೇನೆ.’

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ವ್ಯಾಪ್ತಿ ನಮ್ಮದಲ್ಲ ಎಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೊ ಎಫ್‌ಐಆರ್ ದಾಖಲಿಸಿ ಎಂದು ಕೇಳಿ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. 1930ರಲ್ಲಿ ಸಿಕ್ಕ ದೂರು ಸಂಖ್ಯೆಯನ್ನು ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ಕೊಡಿ.